ಕೆಮ್ಮಿಗೊಂದು ಅರ್ಜಿ

ರಜೆಯ ಮೇಲೆ ಚಿಕ್ಕಮಗಳೂರಿಗೆ ಬಂದಾಗಲೆಲ್ಲ ದೊಡ್ಡಪ್ಪ ಒಂದೇ ಪ್ರಶ್ನೆ ಕೇಳುತ್ತಾರೆ. "ಲೈಬ್ರರಿಯಲ್ಲಿ ಸೇಫ್ಟಿ ಆಫೀಸರ್‌ಗೆ ಏನಮ್ಮ ಕೆಲಸ? ಅಲ್ಲಿ ಯಾವ ಬಾಯ್ಲರ್ ಸಿಡಿಯುತ್ತದೆ?" ಅವರು ಮೂವತ್ತೆರಡು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಪಾಯವೆಂದರೆ ಅವರ ಮಟ್ಟಿಗೆ ಜಾಕ್ ಜಾರುವುದು, ಬ್ಯಾಟರಿಯ ಆಸಿಡ್ ಕೈಮೇಲೆ ಬೀಳುವುದು. ಈ ಸಲ ಆಗಸ್ಟ್‌ನಲ್ಲಿ, ಮಳೆ ಬಿಡದೆ ಹಿಡಿದಿದ್ದ ಒಂದು ಮಧ್ಯಾಹ್ನ, ಅವರ ಎದುರು ಕೂತು ವಿವರವಾಗಿ ಹೇಳಿದೆ. ನಡುವೆ ಅಮ್ಮ ಒಂದು ಮಾತು ಕೇಳಿದರು. ಆ ಮಾತಿನಿಂದಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ದೊಡ್ಡ ಸಾರ್ವಜನಿಕ ಗ್ರಂಥಾಲಯದಲ್ಲಿ. ಅಲ್ಲಿನ ನೌಕರರ ಸುರಕ್ಷತೆ, ಕಟ್ಟಡದೊಳಗಿನ ಗಾಳಿ, ನೀರು, ಧೂಳು, ಬೆಳಕು ನಮ್ಮ ವಿಭಾಗದ ಹೊಣೆ. ದೊಡ್ಡಪ್ಪನಿಗೆ ಮೊದಲು ಹೇಳಿದ್ದು ತೂಕದ ಲೆಕ್ಕ, ಏಕೆಂದರೆ ಅದು ಅವರಿಗೆ ತಟ್ಟನೆ ಹಿಡಿಸುತ್ತದೆ. ಮೇಲಿನ ಮಹಡಿಗಳಲ್ಲಿ ಕಚೇರಿಯ ನೆಲ ಪ್ರತಿ ಚದರ ಮೀಟರ್‌ಗೆ ಸುಮಾರು 240 ಕಿಲೋ ಭಾರ ತಾಳಿದರೆ ಸಾಕೆಂದು ಅಲ್ಲಿನ ಕಟ್ಟಡ ನಿಯಮ ಹೇಳುತ್ತದೆ. ಪುಸ್ತಕದ ಕಪಾಟುಗಳನ್ನು ಸಾಲಾಗಿ ನಿಲ್ಲಿಸುವ ನೆಲಕ್ಕೆ ಅದರ ಮೂರು ಪಟ್ಟು ಬೇಕು. ಇನ್ನು ಆ ಭಾರವನ್ನು ದಿನವೂ ಎತ್ತಿ ಇಳಿಸುವವರ ಭುಜದ ಲೆಕ್ಕ. ಒಂದು ಪುಸ್ತಕ ಮುಕ್ಕಾಲು ಕಿಲೋ ಎಂದುಕೊಳ್ಳಿ. ಒಂದು ಪಾಳಿಯಲ್ಲಿ ಎಂಟುನೂರು ಪುಸ್ತಕ ಒಬ್ಬರ ಕೈಯಿಂದ ದಾಟಿದರೆ 600 ಕಿಲೋ ಆಯಿತು. ಅದೂ ಬಗ್ಗಿ, ತಿರುಗಿ, ತಲೆಯ ಮೇಲಕ್ಕೆ ಕೈ ಚಾಚಿ. "ಹನ್ನೆರಡು ಮೂಟೆ ಸಿಮೆಂಟು" ಎಂದರು ದೊಡ್ಡಪ್ಪ, ಮತ್ತೆ ಪ್ರಶ್ನೆ ಕೇಳಲಿಲ್ಲ.

ಓದುಗರು ಪುಸ್ತಕ ಹಿಂತಿರುಗಿಸಲು ಹೊರಗೋಡೆಯಲ್ಲಿ ಒಂದು ಕಿಂಡಿ ಇದೆ. ರಾತ್ರಿಯಿಡೀ ಬಿದ್ದ ಪುಸ್ತಕಗಳು ಒಳಗಿನ ತೊಟ್ಟಿಯಲ್ಲಿ ರಾಶಿಯಾಗಿರುತ್ತವೆ. ಮೊದಲೆಲ್ಲ ಅದರ ತಳಕ್ಕೆ ಸೊಂಟ ಬಗ್ಗಿಸಿ ಕೈ ಹಾಕಬೇಕಿತ್ತು. ಈಗ ತಳಕ್ಕೆ ಸ್ಪ್ರಿಂಗ್ ಇರುವ ತೊಟ್ಟಿಗಳು ಬಂದಿವೆ. ಮೇಲಿನ ಪುಸ್ತಕ ತೆಗೆದಂತೆ ತಳ ತಾನೇ ಮೇಲೇರುತ್ತದೆ, ಕೈ ಸೊಂಟದ ಎತ್ತರದಲ್ಲೇ ಉಳಿಯುತ್ತದೆ. ಕೆಲವೊಮ್ಮೆ ಹಿಂತಿರುಗಿ ಬಂದ ಪುಸ್ತಕದ ಬೆನ್ನಿನ ಸಂದಿಯಲ್ಲಿ ತಿಗಣೆ ಇರುತ್ತದೆ. ಅಂಥದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗುವ ಪೆಟ್ಟಿಗೆಯಲ್ಲಿ ಇಡುತ್ತೇವೆ. ಮೊಟ್ಟೆಯೂ ಸಾಯುತ್ತದೆ, ಔಷಧಿ ಹೊಡೆಯಬೇಕಾಗಿಲ್ಲ.

ಶೌಚಾಲಯಗಳ ವಿಷಯ ಊರಿನಲ್ಲಿ ಹೇಳುವುದು ಕಷ್ಟ. ಚಳಿಗಾಲದಲ್ಲಿ ಮನೆಯಿಲ್ಲದವರಿಗೆ ಕಾಸು ಕೇಳದೆ ಬೆಚ್ಚಗೆ ಕೂರಲು ಬಿಡುವ ಸ್ಥಳ ನಗರದಲ್ಲಿ ಗ್ರಂಥಾಲಯವೊಂದೇ ಎಂದರೂ ತಪ್ಪಿಲ್ಲ. ಅವರಲ್ಲಿ ಕೆಲವರು ಮಾದಕ ವಸ್ತುವಿಗೆ ಸಿಕ್ಕಿಬಿದ್ದವರು. ಗುಡಿಸುವವರ ಕೈಗೆ ಸೂಜಿ ಚುಚ್ಚದಂತೆ ಗೋಡೆಯಲ್ಲಿ ಸೂಜಿ ಹಾಕುವ ಪೆಟ್ಟಿಗೆ ಇಟ್ಟಿದ್ದೇವೆ. ಕಸದ ಚೀಲವನ್ನು ಕೈಯಿಂದ ಅದುಮಬಾರದೆಂದು ಹೊಸಬರಿಗೆ ಮೊದಲ ದಿನವೇ ಕಲಿಸುತ್ತೇವೆ. ನೌಕರರು ಕೆಲಸದ ಸ್ಥಳದಲ್ಲೇ ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ಮಾದಕ ವಸ್ತು, ಅತಿಯಾಗಿ ಸೇವಿಸಿ ಕುಸಿಯುವ ಅಪಾಯವಿದೆ ಎಂದು ಗೊತ್ತಿದ್ದರೆ ಮಾಲೀಕರು ನಲೋಕ್ಸೋನ್ ಇಟ್ಟಿರಲೇಬೇಕೆಂದು ಒಂಟಾರಿಯೊದಲ್ಲಿ 2023ರ ಜೂನ್ 1ರಿಂದ ನಿಯಮವಿದೆ. ನಮ್ಮಲ್ಲಿ ಅದನ್ನು ಓದುಗರಿಗೂ ಬಳಸುತ್ತೇವೆ. ಓಪಿಯಾಯ್ಡ್ ಅತಿಯಾಗಿ ನಿಲ್ಲುವ ಉಸಿರನ್ನು ಮರಳಿಸಲು ಮೂಗಿಗೆ ಸಿಂಪಡಿಸುವ ಔಷಧಿ ಅದು. ಪುಸ್ತಕ ಜೋಡಿಸುವ ಕೆಲಸಕ್ಕೆಂದು ಸೇರಿದ ಹುಡುಗನೊಬ್ಬ ಅದನ್ನು ಹಾಕಿ ಒಂದು ಜೀವ ಉಳಿಸಿದ, ಆಮೇಲೆ ಎರಡು ವಾರ ನಿದ್ದೆಯಿಲ್ಲದೆ ಒದ್ದಾಡಿದ. ಆ ನಿದ್ದೆಯೂ ನಮ್ಮ ವಿಭಾಗದ ಕಡತಕ್ಕೆ ಬರುತ್ತದೆ.

ಆದರೆ ನಾನು ನಿಜಕ್ಕೂ ಹೇಳಬೇಕಾಗಿದ್ದು ಒಂದು ಕೆಮ್ಮಿನ ಕಥೆ.

ನೆಲಮಾಳಿಗೆಯ ಹಳೆಯ ಪುಸ್ತಕಗಳ ವಿಭಾಗದಲ್ಲಿ ಜಾಫ್ನಾ ಕಡೆಯ ಒಬ್ಬ ಹೆಂಗಸು ಕೆಲಸ ಮಾಡುತ್ತಾರೆ. ಅರೆಕಾಲಿಕ ನೌಕರಿ, ಕೆಲಸಗಾರರ ಸಾಲಿನಲ್ಲಿ ಎಲ್ಲರಿಗಿಂತ ಕೆಳಗಿನ ಮೆಟ್ಟಿಲು. ಒಂದು ಜುಲೈನಲ್ಲಿ ಅವರಿಗೆ ಕೆಮ್ಮು ಹತ್ತಿತು. ಮನೆಯಲ್ಲಿದ್ದರೆ ಇಲ್ಲ, ನೆಲಮಾಳಿಗೆಗೆ ಇಳಿದ ಅರ್ಧ ಗಂಟೆಗೆ ಶುರು. ಅವರ ಮೇಲ್ವಿಚಾರಕರು ಅಲರ್ಜಿ ಇರಬಹುದೆಂದು ಸುಮ್ಮನಾದರು. ಆಕೆ ಸುಮ್ಮನಾಗಲಿಲ್ಲ. ಅರ್ಧ ಹಾಳೆಯಲ್ಲಿ ನಾಲ್ಕು ಸಾಲು ಬರೆದು, ದಿನಾಂಕ ಹಾಕಿ, ನಮ್ಮ ಜಂಟಿ ಆರೋಗ್ಯ ಮತ್ತು ಸುರಕ್ಷತಾ ಸಮಿತಿಗೆ ಕೊಟ್ಟರು.

ಈ ಸಮಿತಿಯ ಬಗ್ಗೆ ಎರಡು ಮಾತು. ಒಂಟಾರಿಯೊದಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ನೌಕರರು ಕಾಯಂ ಆಗಿ ಕೆಲಸ ಮಾಡುವ ಕಡೆ ಇದು ಇರಲೇಬೇಕು. ಸದಸ್ಯರಲ್ಲಿ ಕನಿಷ್ಠ ಅರ್ಧ ಜನ ಆಡಳಿತಕ್ಕೆ ಸೇರದ ಕೆಲಸಗಾರರು. ಅವರನ್ನು ಆರಿಸುವವರೂ ಕೆಲಸಗಾರರೇ. ಸಮಿತಿ ಲಿಖಿತವಾಗಿ ಶಿಫಾರಸು ಮಾಡಿದರೆ ಮಾಲೀಕರು 21 ದಿನದೊಳಗೆ ಲಿಖಿತವಾಗಿ ಉತ್ತರ ಕೊಡಬೇಕು. ಒಪ್ಪಿದರೆ ಯಾವಾಗ ಮಾಡುತ್ತೇವೆಂದು, ಒಪ್ಪದಿದ್ದರೆ ಏಕೆಂದು. ಸಮಿತಿಯಲ್ಲಿ ಕೂತಾಗ ಕಸ ಗುಡಿಸುವವರ ಮಾತಿಗೂ ನಿರ್ದೇಶಕರ ಮಾತಿಗೂ ಒಂದೇ ತೂಕ. ನಾನು ಆ ದೇಶದಲ್ಲಿ ಕಂಡ ದೊಡ್ಡ ಸಂಗತಿಗಳಲ್ಲಿ, ಹಿಮವನ್ನೂ ನಯಾಗರವನ್ನೂ ಸೇರಿಸಿ, ಇದೇ ಮೊದಲನೆಯದು.

ತೇವಾಂಶ ಮಾಪಕ ಹಿಡಿದು ನಾನು ಇಳಿದೆ. ಕೋಣೆಯ ನಡುವೆ ಶೇಕಡಾ 52 ತೋರಿಸಿತು. ಕಾಗದಕ್ಕೂ ಒಳ್ಳೆಯದು, ಮನುಷ್ಯರಿಗೂ ಒಳ್ಳೆಯದು. ಅಲ್ಲಿಗೇ ಮುಗಿಸಿ ಬರಬಹುದಿತ್ತು. "ಅಲ್ಲಿ ಅಲ್ಲ, ನಾನು ನಿಲ್ಲುವುದು ಇಲ್ಲಿ" ಎಂದು ಆಕೆ ನನ್ನನ್ನು ಹೊರಗೋಡೆಗೆ ಅಂಟಿಸಿದ್ದ ಕೊನೆಯ ಕಪಾಟಿನ ಬಳಿಗೆ ಕರೆದುಕೊಂಡು ಹೋದರು. ಮಾಪಕವನ್ನು ಕಪಾಟಿಗೂ ಗೋಡೆಗೂ ನಡುವಿನ ಸಂದಿಗೆ ತೂರಿಸಿದೆ. 71. ಬೂಷ್ಟು ಬೆಳೆಯಲು 65 ದಾಟಿದರೆ ಸಾಕು. ಕೆಳಗಿನ ಹಲಗೆಯಿಂದ ನಾಲ್ಕು ಸಂಪುಟ ಹೊರಗೆಳೆದೆವು. ಅವುಗಳ ಹಿಂಬದಿಯಲ್ಲಿ ಅಕ್ಕಿ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ, ನಡುನಡುವೆ ಹಸಿರು ಚುಕ್ಕೆ. ಮಾಸ್ಕ್ ಸರಿಪಡಿಸಿಕೊಳ್ಳುವಷ್ಟರಲ್ಲಿ ಮೂಗಿಗೆ ಬಡಿದದ್ದು ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಮನೆಯಲ್ಲಿ ಟ್ರಂಕಿನ ಮುಚ್ಚಳ ತೆರೆದಾಗ ಬರುತ್ತದಲ್ಲ, ಅದೇ ವಾಸನೆ. ಸುಮಾರು ಹದಿಮೂರು ಸಾವಿರ ಕಿಲೋಮೀಟರ್ ಆಚೆ, ನೆಲದ ಕೆಳಗೆ, ಕೊಟ್ಟಿಗೆಹಾರದ ಅಜ್ಜನ ಮನೆಯ ವಾಸನೆ.

ಕಾರಣ ಸರಳ. ಜುಲೈನ ಬೆಚ್ಚನೆಯ ಹಸಿ ಗಾಳಿ ಮಣ್ಣಿನೊಳಗಿನ ತಣ್ಣನೆಯ ಗೋಡೆಗೆ ತಗುಲಿ ಬೆವರುತ್ತಿತ್ತು. ಗಾಳಿ ಬರುವ ಕೊಳವೆ ಅಲ್ಲಿ ಕಟ್ಟಿಕೊಂಡಿತ್ತು. ಕಪಾಟುಗಳನ್ನು ಗೋಡೆಯಿಂದ ದೂರ ಸರಿಸಿದೆವು, ಕೊಳವೆ ರಿಪೇರಿಯಾಯಿತು, ತೇವ ಹೀರುವ ಯಂತ್ರ ಬಂತು, ಸೂಕ್ಷ್ಮ ಕಣಗಳನ್ನೂ ಹಿಡಿಯುವ ಸೋಸುಕವಿರುವ ವ್ಯಾಕ್ಯೂಮ್‌ನಿಂದ ಒಂದೊಂದೇ ಪುಸ್ತಕ ಸ್ವಚ್ಛವಾಯಿತು. ಮಾಮೂಲಿ ಪೊರಕೆ ಅಥವಾ ಬಟ್ಟೆಯಿಂದ ಒರೆಸಿದರೆ ಬೂಷ್ಟಿನ ಬೀಜಕಣಗಳು ಕೋಣೆಯಿಡೀ ಹಾರುತ್ತವೆ. ಕೆಲಸ ಮುಗಿಯುವವರೆಗೆ ಆಕೆಯನ್ನು ಮೇಲಿನ ಮಹಡಿಗೆ ಕಳಿಸಿದೆವು. ಆಡಳಿತದ ಲಿಖಿತ ಉತ್ತರ 17ನೇ ದಿನ ಬಂತು.

ಪುಸ್ತಕ ಪೂರ್ತಿ ನೆನೆದರೆ ಲೆಕ್ಕ ಬೇರೆ. ಎರಡು ದಿನದಲ್ಲಿ ಬೂಷ್ಟು ಹುಟ್ಟುತ್ತದೆ, ಅಷ್ಟರೊಳಗೆ ಒಣಗಿಸಲಾಗದಿದ್ದರೆ ಹೆಪ್ಪುಗಟ್ಟಿಸಬೇಕು. 1986ರ ಏಪ್ರಿಲ್ 29ರಂದು ಲಾಸ್ ಏಂಜಲೀಸ್‌ನ ಕೇಂದ್ರ ಗ್ರಂಥಾಲಯಕ್ಕೆ ಬೆಂಕಿ ಬಿದ್ದಾಗ ಸುಮಾರು 4 ಲಕ್ಷ ಪುಸ್ತಕ ನಾಶವಾದವು. ನೀರು ಕುಡಿದು ಉಳಿದ ಲಕ್ಷಾಂತರ ಪುಸ್ತಕಗಳನ್ನು ಶೀತಲಗೃಹಗಳಿಗೆ ಸಾಗಿಸಿ ಉಳಿಸಿಕೊಂಡರು. ಅಂದು ಪೆಟ್ಟಿಗೆ ತುಂಬಲು ನಿಂತವರಲ್ಲಿ ನೂರಾರು ಮಂದಿ ಊರಿನ ಸಾಮಾನ್ಯ ಜನ.

ನಾನು ಇಷ್ಟು ಹೇಳುವಾಗ ಅಮ್ಮ ಬಾಗಿಲ ಬಳಿ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ಅವರು ಇಪ್ಪತ್ತಮೂರು ವರ್ಷ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಸುಲಿದು ವಿಂಗಡಿಸುವ ಕಾರ್ಖಾನೆಯಲ್ಲಿ, ಬೇಳೆ, ಅಂದರೆ ಕಾಫಿ ಬೀಜ, ಆರಿಸಿದವರು. ನಮ್ಮ ಜಿಲ್ಲೆಯವರಿಗೆ ಆ ದೃಶ್ಯ ಗೊತ್ತು: ಉದ್ದನೆಯ ಶೆಡ್ಡು, ಸಾಲಾಗಿ ಕೂತ ಹೆಂಗಸರು, ಮುಂದೆ ಬೇಳೆಯ ರಾಶಿ, ಕಪ್ಪುಬೇಳೆ, ಒಡಕುಬೇಳೆ ಒಂದು ಕಡೆ, ಒಳ್ಳೆಯದು ಇನ್ನೊಂದು ಕಡೆ. ಪಕ್ಕದಲ್ಲೇ ಯಂತ್ರ ಚೆರಿಯ, ಅಂದರೆ ಒಣಗಿದ ಕಾಫಿ ಹಣ್ಣಿನ, ಸಿಪ್ಪೆ ಸುಲಿಯುತ್ತಿರುತ್ತದೆ, ಹೊಟ್ಟಿನ ಧೂಳು ಬಿಸಿಲಕೋಲಿನಲ್ಲಿ ಹೊಗೆಯಂತೆ ಕಾಣುತ್ತದೆ. ಅಮ್ಮ ಸೆರಗನ್ನು ಎರಡು ಸುತ್ತು ಬಾಯಿಗೆ ಕಟ್ಟಿಕೊಳ್ಳುತ್ತಿದ್ದರು. ಸಂಜೆ ಅದನ್ನು ಬಿಚ್ಚಿದರೆ ಮೂಗಿನ ಕೆಳಗೆ ಕಂದು ಗೆರೆ. ಧೂಳಿಗೆ ಪರಿಹಾರವೆಂದು ಬೆಲ್ಲದ ಉಂಡೆ ಕೊಡುತ್ತಿದ್ದರಂತೆ. ಧೂಳು ಹೋಗುವುದು ಶ್ವಾಸಕೋಶಕ್ಕೆ, ಬೆಲ್ಲ ಹೋಗುವುದು ಹೊಟ್ಟೆಗೆ. ಹುರಿಯದ ಕಾಫಿಯ ಧೂಳು ಕೆಲಸಗಾರರಿಗೆ ಅಲರ್ಜಿಯನ್ನೂ ಆಸ್ತಮಾವನ್ನೂ ತರಬಲ್ಲದು ಎಂಬುದು ವೈದ್ಯಶಾಸ್ತ್ರದಲ್ಲಿ ಹಳೆಯ ಸಂಗತಿ. ನಾನು ಅದನ್ನು ಕೆನಡಾದ ಒಂದು ತರಗತಿಯಲ್ಲಿ ಕೂತು ಓದಬೇಕಾಯಿತು. ಅಂದು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಏನೂ ಹೇಳಲಾಗದೆ ಊಟ ಆಯಿತೇ ಎಂದಷ್ಟೇ ಕೇಳಿದ್ದೆ.

ಈಗ ಅಮ್ಮ ಕೈ ನಿಲ್ಲಿಸಿ ಕೇಳಿದರು: "ಬರೆದು ಕೊಟ್ಟಳಲ್ಲ, ಅವಳ ಕೆಲಸ ಉಳಿಯಿತೇ?"

ಉಳಿಯಿತು ಎಂದೆ. ಸುರಕ್ಷತೆಯ ಬಗ್ಗೆ ದೂರು ಕೊಟ್ಟವರನ್ನು ಕೆಲಸದಿಂದ ತೆಗೆಯುವುದು, ಸಂಬಳ ಕಡಿಯುವುದು, ಹೆದರಿಸುವುದು ಮೂರನ್ನೂ ಅಲ್ಲಿನ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆಯ 50ನೇ ಕಲಮು ನಿಷೇಧಿಸುತ್ತದೆ ಎಂದೆ. ಅಪಾಯವಿದೆ ಎಂದು ಅನ್ನಿಸಲು ಕಾರಣವಿದ್ದರೆ ಆ ಕೆಲಸ ಮಾಡುವುದಿಲ್ಲ ಎನ್ನುವ ಹಕ್ಕೂ ಇದೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಸಾಲಿನಲ್ಲಿ ಕೂರುತ್ತಿದ್ದ ಒಬ್ಬರ ವಿಷಯ ಹೇಳಿದರು. ಆಕೆ ಮೇಸ್ತ್ರಿಯ ಬಳಿ ಹೋಗಿ, ರಾತ್ರಿ ಮಲಗಲಾಗುವುದಿಲ್ಲ, ಯಂತ್ರದಿಂದ ದೂರ ಕೂರಿಸಿ ಎಂದು ಕೇಳಿಕೊಂಡರಂತೆ. ಆ ಹಂಗಾಮು ದೂರ ಕೂರಿಸಿದರು. ಮುಂದಿನ ಹಂಗಾಮಿಗೆ ಕರೆಯಲೇ ಇಲ್ಲ. "ಆಮೇಲೆ ನಾವು ಯಾರೂ ಮೇಸ್ತ್ರಿಯ ಎದುರು ಕೆಮ್ಮುತ್ತಿರಲಿಲ್ಲ ಕಣೇ" ಎಂದರು.

ಈ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ನನಗೆ ಗೊತ್ತಿರುವ ಎಲ್ಲ ಮಾಪಕಗಳಿಗಿಂತ ಹೆಚ್ಚು ಹೇಳಿದ ಮಾತು ಅದು.

ಮರುದಿನ ಅಮ್ಮನನ್ನು ಕರೆದುಕೊಂಡು ಮೂಡಿಗೆರೆ ಕಡೆಯ ಒಂದು ಸಣ್ಣ ಊರಿಗೆ ಹೋಗಿದ್ದೆ. ಅಲ್ಲಿನ ಗ್ರಂಥಾಲಯದಲ್ಲಿ ನನ್ನ ಶಾಲೆಯ ದಿನಗಳ ಎಷ್ಟೋ ಬೇಸಿಗೆ ಕಳೆದಿವೆ. ಹೊಸ ಮೇಲ್ವಿಚಾರಕರು ನಲವತ್ತರ ಆಸುಪಾಸಿನವರು, ಪುಸ್ತಕಗಳ ಮೇಲೆ ತುಂಬಾ ಪ್ರೀತಿ. ಬೂಷ್ಟು, ಹುಳ ಬರಬಾರದೆಂದು ಪ್ರತಿ ಹಲಗೆಗೂ ನುಸಿಗುಳಿಗೆ ಸುರಿದಿದ್ದರು. ಮಳೆಯ ಎರಚಲಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ಘಾಟು. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಕೆಂಪು ರಕ್ತಕಣಗಳಿಗೆ ಹಾನಿ ಮಾಡಬಲ್ಲದು. ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಯಲ್ಲಿಯೂ ಅದಿದೆ. ಗಾಳಿಯಾಡದ ಕೋಣೆಯಲ್ಲಿ ಅದರ ನಡುವೆ ದಿನವಿಡೀ ಕೂರುವವರು ಅವರು. ಪುಸ್ತಕಕ್ಕೆಂದು ಹಾಕಿದ ವಿಷವನ್ನು ಉಸಿರಾಡುವುದು ಪುಸ್ತಕವಲ್ಲ. ಮಾಪಕ ತೆಗೆದು ಮೇಜಿನ ಮೇಲಿಟ್ಟೆ. 88.

ಅಜ್ಜನ ಮನೆಯಲ್ಲಿ ಲೆಕ್ಕದ ಪುಸ್ತಕ, ಪಂಚಾಂಗಗಳನ್ನೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಹೊಗೆ ಹಿಡಿದು ಕಂದಾಗುತ್ತಿದ್ದವು, ಆದರೆ ಬೂಷ್ಟು ಹಿಡಿದದ್ದು ನನಗೆ ನೆನಪಿಲ್ಲ. ಬೂಷ್ಟಿಗೆ ಮದ್ದು ಔಷಧಿಯಲ್ಲ, ಒಣ ಗಾಳಿ ಎಂಬುದು ಅಜ್ಜನಿಗೆ ತಿಳಿದಿತ್ತು. ಮೇಲ್ವಿಚಾರಕರೂ ನಾನೂ ಸೇರಿ ಗೋಡೆಗೆ ತಾಗಿದ್ದ ಎರಡು ಕಪಾಟುಗಳನ್ನು ಒಂದು ಗೇಣು ಮುಂದೆ ಸರಿಸಿದೆವು. ಗುಳಿಗೆಗಳನ್ನು ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿದೆವು. ಮಳೆ ಬಿಟ್ಟು ಬಿಸಿಲು ಬಂದ ಹೊತ್ತಿನಲ್ಲಿ ಮಾತ್ರ ಕಿಟಕಿ ತೆರೆಯುವುದು, ಮಂಜಿರುವಾಗ ಮುಚ್ಚುವುದು, ಫ್ಯಾನ್ ಹಾಕಿಟ್ಟಿರುವುದು, ಬೂಷ್ಟು ಹಿಡಿದ ಪುಸ್ತಕವನ್ನು ಚೀಲದಲ್ಲಿ ಹೊರಗೆ ಒಯ್ದು, ಮಾಸ್ಕ್ ಹಾಕಿ, ಚೆನ್ನಾಗಿ ಒಣಗಿದ ಮೇಲೆ ಜಗಲಿಯಲ್ಲಿ ಮೃದುವಾದ ಬ್ರಷ್‌ನಿಂದ ತೆಗೆಯುವುದು. ಇದಕ್ಕೆ ಹೆಚ್ಚು ಹಣ ಬೇಡ. ತೇವ ಹೀರುವ ಒಂದು ಯಂತ್ರಕ್ಕೆ ಬೇಕು. ಕರ್ನಾಟಕದ 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತೇವೆ. ಆ ಹಣದಲ್ಲಿ ಹೊಸ ಪುಸ್ತಕಕ್ಕೆ ಪಾಲಿರುವಂತೆ ಅಲ್ಲಿ ಉಸಿರಾಡುವವರಿಗೂ ಒಂದು ಪಾಲು ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ.

ನಾವು ಕಪಾಟು ಸರಿಸುವಾಗ ಅಮ್ಮ ಬೆಂಚಿನ ಮೇಲೆ ಕೂತು ಮೇಲ್ವಿಚಾರಕರನ್ನೇ ನೋಡುತ್ತಿದ್ದರು. ಅವರು ಬಾಯಿಗೆ ಕರವಸ್ತ್ರ ಹಿಡಿದು ಆ ಕಡೆ ತಿರುಗಿ ಕೆಮ್ಮಿದಾಗ, "ಎಷ್ಟು ದಿನದಿಂದ ಇದೆಯಪ್ಪಾ ಇದು?" ಎಂದು ಕೇಳಿದರು.

"ಏನಿಲ್ಲ ಅಮ್ಮಾ, ಮಳೆಗಾಲ ಅಲ್ಲವೇ" ಎಂದರು ಅವರು.

"ಮನೆಯಲ್ಲಿಯೂ ಬರುತ್ತದೆಯೇ, ಇಲ್ಲಿಗೆ ಬಂದ ಮೇಲೆಯೇ?"

ಅವರು ಯೋಚಿಸಿದರು. ಭಾನುವಾರ ಇರುವುದಿಲ್ಲ ಎಂದರು.

"ಬರೆದಿಡು" ಎಂದರು ಅಮ್ಮ. ಮಾಪಕವನ್ನು ನಾನು ಅಲ್ಲಿಯೇ ಬಿಟ್ಟು ಬರುವವಳಿದ್ದೆ. ಮೇಲ್ವಿಚಾರಕರು ಮೇಜಿನ ಸೆಳೆಖಾನೆಯಿಂದ ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆದು, ಹಿಂದಿನ ಖಾಲಿ ಪುಟದಲ್ಲಿ ಸ್ಕೇಲ್ ಇಟ್ಟು ಮೂರು ಗೆರೆ ಎಳೆದರು. ದಿನಾಂಕ ಬರೆದರು. ಪಕ್ಕದಲ್ಲಿ 88 ಎಂದು ಬರೆದರು. ಮೂರನೆಯ ಕಾಲಂನಲ್ಲಿ ಏನು ಬರೆಯಲಿ ಎಂದು ಅಮ್ಮನ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆ, "ಕೆಮ್ಮು ಇದೆ" ಎಂದು ಬರೆದರು.