ಡಾಕ್ಟರ್ ಕಾಕ್ಸ್ ಕುಸಿದ ಕಂತು

ಆಸ್ಪತ್ರೆಯ ಕತೆ ಹೇಳಿ ನಗಿಸುವ ಅಮೆರಿಕದ ಟಿವಿ ಧಾರಾವಾಹಿ 'ಸ್ಕ್ರಬ್ಸ್'ನ 'ಮೈ ಲಂಚ್' ಕಂತು ನೋಡಿ ಅತ್ತವರದ್ದೆಲ್ಲ ಒಂದೇ ಪ್ರಶ್ನೆ: ಅಂಗದಾನದಿಂದ ರೇಬೀಸ್ ಬಂದು ಮೂವರು ಸಾಯುವುದು ಉಂಟಾ? ಉಂಟು. 2004ರಲ್ಲಿ ಅಮೆರಿಕದಲ್ಲೇ ಆಗಿದೆ. ದಾನಿಗೆ ಬಾವಲಿ ಕಚ್ಚಿತ್ತು. ದಾನಿಯ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಹುಡುಕುತ್ತಾರೆ. ರೇಬೀಸ್ ವೈರಸ್ ಹೋಗುವುದು ನರದ ದಾರಿಯಲ್ಲಿ, ರಕ್ತದಲ್ಲಿ ಸಿಗುವುದಿಲ್ಲ. ಹಾಗಾಗಿ ಕಂತಿನಲ್ಲಿ ಆ ಅಂಗಗಳ ಕಸಿಗೆ ಒಪ್ಪಿದ ಡಾಕ್ಟರ್ ಕಾಕ್ಸ್‌ನನ್ನು ಬೈಯುವುದು ನ್ಯಾಯವಲ್ಲ.

ಕಂತು ನೋಡಿ ಹೆದರಿದ ನಮ್ಮ ಕಾಸರಗೋಡಿನವರಿಗೆ ಬಾವಲಿಗಿಂತ ಕುಂಬಳೆ, ಉಪ್ಪಳ ಪೇಟೆಯ ನಾಯಿಯದ್ದೇ ಚಿಂತೆ ಇರಲಿ. ಕಚ್ಚಿದ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ ಬೇಡವೇ ಬೇಡ. ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದೊಳಕ್ಕೇ ಇಮ್ಯುನೊಗ್ಲೋಬುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ, ಏಕೆಂದರೆ ಲಸಿಕೆಯ ರಕ್ಷಣೆ ಹುಟ್ಟಲು ವಾರವಾದರೂ ಬೇಕು. ನಾಯಿ ಸಾಯುತ್ತದಾ ನೋಡೋಣ ಎಂದು ಹತ್ತು ದಿನ ಕಾದು ಕೂರಬೇಡಿ ಮಾರಾಯ್ರೆ.