ನೀರಿನಲ್ಲಿ ನಿಂತ ಗಿಡಕ್ಕೆ ಬರಗಾಲದ ಎಲೆ

ಸೆಪ್ಟೆಂಬರ್ 14, 2025, ಭಾನುವಾರ ರಾತ್ರಿ

ಜೌಗಿನ ನೀರಿನ ಮಟ್ಟ ಅಳೆಯಲು ನೆಟ್ಟ ಕೊಳವೆಯಲ್ಲಿ ನೀರು ಮತ್ತೆ ಎರಡು ಬೆರಳು ಇಳಿದಿದೆ. ಅಳತೆ ಕೋಲನ್ನು ಎರಡು ಸಲ ಇಳಿಸಿ ನೋಡಿದೆ. ಅಷ್ಟೇ ಬಂತು.

ಹುಡುಗಿ ಇಂದು ಮೊದಲ ಸಲ ಬೆಟ್ಟದ ಪೀಟ್ ಜೌಗಿಗೆ, ಪೂರ್ತಿ ಕೊಳೆಯದ ಸಸ್ಯಗಳು ಪದರಗಟ್ಟಿದ ಈ ಒದ್ದೆ ನೆಲಕ್ಕೆ, ಬಂದಿದ್ದಳು. ಬಂದವಳೇ ಒಂದು ಪೊದೆಯ ಎಲೆಯನ್ನು ಬೆರಳಿನಲ್ಲಿ ತಿರುವುತ್ತಾ ನಿಂತಳು. ದಪ್ಪ, ಬಿರುಸು, ಅಂಚು ಒಳಕ್ಕೆ ಸುರುಳಿ.

"ಮೇಡಂ, ಕಾಲಿಟ್ಟಲ್ಲೆಲ್ಲ ನೀರು ಜಿನುಗುತ್ತಿದೆ. ಎಲೆ ಮಾತ್ರ ಬರಗಾಲದ್ದು. ಏಕೆ?"

ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಕುಳಿತುಬಿಟ್ಟೆ. ಬರ ಇರುವುದು ನೀರಿಗಲ್ಲ, ಸಾರಕ್ಕೆ ಎಂದೆ. ಪೀಟ್ ಪದರ ಏರುತ್ತಾ ಹೋದಂತೆ ನೆಲದ ನೀರಿನ ನಂಟು ಕಡಿದುಹೋಗುತ್ತದೆ. ಆಮೇಲೆ ಮಳೆ, ಮಂಜು ತಂದು ಕೊಟ್ಟಷ್ಟೇ ಆಹಾರ. ಬಂದ ಚೂರುಪಾರು ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನೂ ಸ್ಫ್ಯಾಗ್ನಮ್ ಪಾಚಿ ಹಿಡಿದಿಟ್ಟುಕೊಂಡು ಬದಲಿಗೆ ಹೈಡ್ರೋಜನ್ ಅಯಾನುಗಳನ್ನು ಬಿಡುತ್ತದೆ. ನೀರು ಹುಳಿಯಾಗುತ್ತದೆ, ಪಿಎಚ್ 4ರ ಆಸುಪಾಸು. ಚಳಿ ಬೇರೆ, ಒಳಗೆ ಆಮ್ಲಜನಕವೂ ಇಲ್ಲ. ಸತ್ತದ್ದು ಕೊಳೆಯುವುದೇ ಕಷ್ಟ. ಸಾರಜನಕವೆಲ್ಲ ಪೀಟಿನೊಳಗೇ ಬಂದಿ. ಇಂತಲ್ಲಿ ಒಂದು ಎಲೆ ಮಾಡುವುದು ದುಬಾರಿ ಕೆಲಸ. ಅದಕ್ಕೇ ಪೊದೆ ಅದನ್ನು ಗಟ್ಟಿಯಾಗಿ ಮಾಡಿ, ವರ್ಷಕ್ಕಿಂತ ಹೆಚ್ಚು ಕಾಲ ಬಾಳಿಸುತ್ತದೆ. ಡ್ರೊಸೆರಾ ಎಂಬ ಅಂಟು ಎಲೆಯ ಪುಟ್ಟ ಗಿಡ ನೊಣ ಹಿಡಿದು ಸಾರ ಹೀರುತ್ತದೆ. ಹತ್ತಿಯಂಥ ಹೂಗೊಂಚಲಿನ ಜೊಂಡು ತನ್ನೊಳಗಿನ ಪೊಳ್ಳುಗಳಿಂದ ಬೇರಿಗೆ ಗಾಳಿ ಇಳಿಸುತ್ತದೆ.

ಅವಳು ಸುಮ್ಮನಿದ್ದು ಕೇಳಿದಳು: "ಹಾಗಾದರೆ ನೀರು ಇಳಿದರೆ ಒಳ್ಳೆಯದೇ ಅಲ್ಲವೇ ಮೇಡಂ? ಗಾಳಿ ಒಳಗೆ ಹೋಗುತ್ತದೆ, ಪೀಟ್ ಕೊಳೆಯುತ್ತದೆ, ಗಿಡಕ್ಕೆ ಗೊಬ್ಬರ ಸಿಗುತ್ತದೆ."

ಸಿಗುತ್ತದೆ. ಆದರೆ ಆ ಗೊಬ್ಬರಕ್ಕೆ ಎತ್ತರದ ಹುಲ್ಲು ಬರುತ್ತದೆ, ಮರದ ಸಸಿ ಬರುತ್ತದೆ, ಅಂಗೈಗಿಂತ ಚಿಕ್ಕದಾದ ಡ್ರೊಸೆರಾ ನೆರಳಿನಡಿ ಹೋಗುತ್ತದೆ. ಬೇರೆಯವರು ಬದುಕಲಾರದ ಬಡತನವೇ ಅದಕ್ಕೆ ಬೇಲಿ. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು, ಅವಳು ಗಮನಿಸಿದಳೋ ಏನೋ.

ಇಳಿಯುವಾಗ ಜೋರು ಗಾಳಿ. ಬೂಟು ಇನ್ನೂ ಒಣಗಿಲ್ಲ.

ಪೀಟ್ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಬೆಳೆದರೆ ಹೆಚ್ಚು. ಒಂದು ಬೆರಳಗಲ ಎಂದರೆ ಇಪ್ಪತ್ತು ವರ್ಷದ ಗಳಿಕೆ. ಈ ಬೇಸಿಗೆಯಲ್ಲಿ ಎಷ್ಟು ಬೆರಳು ಗಾಳಿಗೆ ತೆರೆದುಕೊಂಡಿತೆಂದು ಲೆಕ್ಕ ಹಾಕಲು ಕುಳಿತವಳು ಪೆನ್ಸಿಲ್ ಕೆಳಗಿಟ್ಟೆ. ದಿಬ್ಬಗಳ ಕೆಂಪು ಪಾಚಿ ಸರಿಯಾಗಿಯೇ ಇದೆ. ಗುಳಿಯದು ಬಿಳಿಚಿದೆ, ನೀರಿರಬೇಕಾದ ಕೋಶಗಳಲ್ಲಿ ಗಾಳಿ ತುಂಬಿದೆ. ನಾಳೆ ಮಳೆ ಬಂದರೆ ಮತ್ತೆ ಹಸಿರಾದೀತು. ಬರುವ ವಾರ ಬಂದರೂ ಆದೀತೇನೋ. ಅದಕ್ಕೂ ತಡವಾದರೆ