ರಿಖ್ಟ್‌ಹೋಫನ್ ಅಲ್ಲ, ಸ್ಮಿತ್-ಬ್ಯಾರಿ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಳೆಯ ವಿಮಾನಗಳ ಕಥೆ ಹೇಳುವವನು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಮೊದಲ ಮಹಾಯುದ್ಧದ ವೈಮಾನಿಕರಲ್ಲಿ ನಿಮಗೆ ಯಾರ ಮೇಲೆ ಹೆಚ್ಚು ಅಭಿಮಾನ? 80 ವಿಮಾನಗಳನ್ನು ಕೆಡವಿದ ಜರ್ಮನಿಯ ರಿಖ್ಟ್‌ಹೋಫನ್ ಎಂದು ನಾನು ಹೇಳುವೆನೆಂದು ಕಾಯುತ್ತಿರುತ್ತಾರೆ. ನಾನು ರಾಬರ್ಟ್ ಸ್ಮಿತ್-ಬ್ಯಾರಿ ಎನ್ನುತ್ತೇನೆ. ಆ ಹೆಸರನ್ನು ಕೇಳಿದವರು ಕಡಿಮೆ. ಅವರು ಹುಡುಗರಿಗೆ ಹಾರಲು ಕಲಿಸಿದ ಮೇಷ್ಟ್ರು.

1886ರಲ್ಲಿ ಹುಟ್ಟಿದ ಸ್ಮಿತ್-ಬ್ಯಾರಿ ಐರ್ಲೆಂಡಿನ ಜಮೀನ್ದಾರಿ ಮನೆತನದವರು. 1911ರಲ್ಲಿ ಹಾರಲು ಕಲಿತು, ಮರುವರ್ಷ ಬ್ರಿಟನ್ನಿನ ಉಪಾವನ್‌ನಲ್ಲಿ ಆರಂಭವಾದ ಕೇಂದ್ರ ಹಾರಾಟ ಶಾಲೆಯ ಮೊದಲ ತಂಡದಲ್ಲಿದ್ದರು. 1914ರ ಆಗಸ್ಟ್‌ನಲ್ಲಿ ಯುದ್ಧಕ್ಕೆಂದು ಫ್ರಾನ್ಸಿಗೆ ಹೋದವರು ಕೆಲವೇ ದಿನಗಳಲ್ಲಿ ಪೆರೋನ್ ಬಳಿ ವಿಮಾನಸಮೇತ ನೆಲಕ್ಕೆ ಬಿದ್ದರು. ಜೊತೆಗಿದ್ದವನು ಸತ್ತ. ಇವರ ಎರಡೂ ಕಾಲುಗಳು ಮುರಿದವು. ಆಮೇಲೆ ಜೀವನವಿಡೀ ಕುಂಟುತ್ತಲೇ ನಡೆದರು. ಆದರೂ ಹಾರಾಟ ಬಿಡಲಿಲ್ಲ. 1916ರ ಜುಲೈನಲ್ಲಿ 60ನೇ ಸ್ಕ್ವಾಡ್ರನ್ ಎಂಬ ವಿಮಾನದಳದ ನಾಯಕ ಯುದ್ಧದಲ್ಲಿ ಮಡಿದಾಗ ಆ ಹೊಣೆ ಇವರ ಹೆಗಲೇರಿತು.

ಅಲ್ಲಿ ಕಂಡದ್ದು ಅವರನ್ನು ನಿದ್ದೆಗೆಡಿಸಿತು. ಬೆರಳೆಣಿಕೆಯ ಗಂಟೆಗಳಷ್ಟು ಹಾರಿದ ಹುಡುಗರನ್ನು ತರಬೇತಿ ಮುಗಿಯಿತೆಂದು ರಣರಂಗಕ್ಕೆ ಕಳಿಸುತ್ತಿದ್ದರು. ಇತ್ತ ಬ್ರಿಟನ್ನಿನಲ್ಲಿ ಕಲಿಸುತ್ತಿದ್ದವರಲ್ಲಿ ಎಷ್ಟೋ ಮಂದಿ ಯುದ್ಧದಿಂದ ಬಸವಳಿದು ಬಂದವರು. ಶಿಷ್ಯರನ್ನು ಅವರು ‘ಹೂಣ’ರೆಂದು, ಅಂದರೆ ಶತ್ರುಗಳಿಗೆ ಇಟ್ಟ ಹೆಸರಿನಿಂದಲೇ, ಕರೆಯುತ್ತಿದ್ದರು. ಆ ಒಂದು ಪದದಲ್ಲೇ ಗುರುಶಿಷ್ಯರ ನಡುವೆ ಎಷ್ಟು ಭಯವಿತ್ತೆಂಬುದು ತಿಳಿಯುತ್ತದೆ. ಅನೇಕ ವಿಮಾನಗಳಲ್ಲಿ ಶಿಷ್ಯ ಪ್ರಯಾಣಿಕನ ಜಾಗದಲ್ಲಿ ಕುಳಿತು ಕಲಿಯಬೇಕಿತ್ತು. ಚಾಲಕನ ಆಸನದಲ್ಲಿ ಮೊದಲ ಸಲ ಕೂರುವ ಹೊತ್ತಿಗೆ ಜೊತೆಯಲ್ಲಿ ಯಾರೂ ಇರುತ್ತಿರಲಿಲ್ಲ.

ಸ್ಮಿತ್-ಬ್ಯಾರಿ ಮೇಲಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. ಹಾಗಾದರೆ ನೀನೇ ಮಾಡಿ ತೋರಿಸು ಎಂಬಂತೆ 1916ರ ಕೊನೆಯಲ್ಲಿ ಅವರನ್ನು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಗಾಸ್ಪೋರ್ಟ್‌ಗೆ ಕಳಿಸಲಾಯಿತು. ನನ್ನ ಅಭಿಮಾನ ಶುರುವಾಗುವುದು ಇಲ್ಲಿಂದ.

ಅವರು ಮೊದಲು ಬದಲಿಸಿದ್ದು ಆಸನವನ್ನು. ಆವ್ರೋ 504 ಎಂಬ ವಿಮಾನದಲ್ಲಿ ಶಿಷ್ಯನನ್ನು ಮೊದಲ ದಿನದಿಂದಲೇ ಚಾಲಕನ ಜಾಗದಲ್ಲಿ ಕೂರಿಸಿದರು. ಗುರುವಿನ ಕೈಯಲ್ಲೂ ಪೂರ್ಣ ನಿಯಂತ್ರಣವಿತ್ತು. ಎಂಜಿನ್ನಿನ ಅಬ್ಬರದಲ್ಲಿ ಮಾತು ಕೇಳುವಂತೆ ಗುರುವಿನ ಬಾಯಿಯಿಂದ ಶಿಷ್ಯನ ಕಿವಿಗೆ ಒಂದು ಕೊಳವೆ ಹಾಕಿದರು. ಮುಂದೆ ಅದಕ್ಕೆ ‘ಗಾಸ್ಪೋರ್ಟ್ ಟ್ಯೂಬ್’ ಎಂದೇ ಹೆಸರಾಯಿತು. ಕೈ ಏಕೆ ಹೀಗೆ ಚಲಿಸುತ್ತಿದೆ, ವಿಮಾನ ಅದಕ್ಕೆ ಹೇಗೆ ಓಗೊಡುತ್ತಿದೆ ಎಂಬುದನ್ನು ಹಾರುತ್ತಿರುವಾಗಲೇ ವಿವರಿಸಬಹುದಾಯಿತು.

ಎಲ್ಲಕ್ಕಿಂತ ದೊಡ್ಡದು ಸ್ಪಿನ್ ವಿಚಾರ. ವೇಗ ಕಳೆದುಕೊಂಡ ವಿಮಾನ ಒಂದು ರೆಕ್ಕೆಯ ಕಡೆಗೆ ವಾಲಿ, ಬುಗುರಿಯಂತೆ ಸುತ್ತುತ್ತಾ ಬೀಳುವುದೇ ಸ್ಪಿನ್. ಕೆಳಗೆ ಬೀಳುವಾಗ, ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಕೋಲನ್ನು ಎದೆಯತ್ತ ಎಳೆದುಕೊಳ್ಳಬೇಕೆಂದು ಜೀವ ಹೇಳುತ್ತದೆ. ಎಳೆದಷ್ಟೂ ಸುತ್ತು ಬಿಗಿಯಾಗುತ್ತದೆ. ಸುತ್ತುವ ದಿಕ್ಕಿಗೆ ವಿರುದ್ಧವಾಗಿ ರಡ್ಡರ್, ಅಂದರೆ ಕಾಲಿನಿಂದ ನಡೆಸುವ ಬಾಲದ ಚುಕ್ಕಾಣಿ, ಒತ್ತಿ, ಕೋಲನ್ನು ಮುಂದಕ್ಕೆ ತಳ್ಳಬೇಕು. ನೆಲ ಮೇಲೆದ್ದು ಬರುತ್ತಿರುವಾಗ ನೆಲದ ಕಡೆಗೇ ಮೂತಿ ತಿರುಗಿಸುವುದೆಂದರೆ ಅದಕ್ಕೆ ಎಂಥ ನಂಬಿಕೆ ಬೇಕು! ಸ್ಪಿನ್ ಎಂದರೆ ಸಾವು ಎಂದು ಆ ಹಿಂದೆ ಎಷ್ಟೋ ಕಡೆ ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಸ್ಮಿತ್-ಬ್ಯಾರಿ ಬೇಕೆಂದೇ ಶಿಷ್ಯನನ್ನು ಮೇಲಕ್ಕೆ ಒಯ್ದು ಸ್ಪಿನ್‌ಗೆ ಕೆಡವಿಸುತ್ತಿದ್ದರು, ಹೊರಬರುವ ದಾರಿ ತೋರಿಸುತ್ತಿದ್ದರು, ಬಳಿಕ ಅದನ್ನೇ ಒಬ್ಬನೇ ಹೋಗಿ ಮಾಡಿ ಬಾ ಎಂದು ಕಳಿಸುತ್ತಿದ್ದರು.

ಇದನ್ನು ಓದುವಾಗಲೆಲ್ಲ ನನಗೆ ನಮ್ಮೂರಿನ ಬಾವಿ ನೆನಪಾಗುತ್ತದೆ. ಈಜು ಕಲಿಸುವಾಗ ಮಾವ ದಡದಲ್ಲಿ ನಿಂತು ಕೂಗಲಿಲ್ಲ, ನನ್ನ ಜೊತೆ ನೀರಿಗಿಳಿದರು. ಹೊಟ್ಟೆಯ ಕೆಳಗಿದ್ದ ಅವರ ಕೈ ಯಾವಾಗ ಸರಿಯಿತೋ ನನಗೆ ಗೊತ್ತಾಗಲಿಲ್ಲ.

1917ರ ಆಗಸ್ಟ್‌ನಲ್ಲಿ ಗಾಸ್ಪೋರ್ಟ್ ಬೋಧಕರಿಗೇ ಪಾಠ ಹೇಳುವ ವಿಶೇಷ ಶಾಲೆಯಾಯಿತು. ಒಬ್ಬ ಬೋಧಕ ಸರಿಯಾಗಿ ಕಲಿತರೆ ಅವನ ಹಿಂದೆ ನೂರಾರು ಹುಡುಗರು ಸರಿಯಾಗಿ ಕಲಿಯುತ್ತಾರೆ. ಅವರು ಮಾಡಿದ ಅತ್ಯಂತ ಜಾಣ ಕೆಲಸ ಇದೇ ಎಂದು ನನ್ನ ಎಣಿಕೆ. ಆ ಪದ್ಧತಿ ಬ್ರಿಟನ್ ದಾಟಿ ಬೇರೆ ದೇಶಗಳಿಗೂ ಹೋಯಿತು. ಬೆಂಗಳೂರಿನ ಎಚ್‌ಎಎಲ್ ರೂಪಿಸಿ 1951ರಲ್ಲಿ ಮೊದಲ ಸಲ ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನದಲ್ಲೂ ಒಂದರ ಹಿಂದೆ ಒಂದು ಎರಡು ಆಸನ, ಎರಡು ಕೋಲು.

ಎರಡನೆಯ ಮಹಾಯುದ್ಧ ಬಂದಾಗ ಐವತ್ತು ದಾಟಿದ್ದ ಸ್ಮಿತ್-ಬ್ಯಾರಿ ಮತ್ತೆ ವಾಯುಪಡೆ ಸೇರಿ, ವಿಮಾನಗಳನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಮುಟ್ಟಿಸುವ ಕೆಲಸ ಮಾಡಿದರು. 1949ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ತೀರಿಕೊಂಡರು. ಮುಂದಿನ ಸಲ ಯಾರಾದರೂ ಕೇಳಿದರೂ ನಾನು ಹೇಳುವುದು ಅವರ ಹೆಸರನ್ನೇ.